ಹೊಗೆ ಎತ್ತ ಸಾಗುತ್ತದೆ? ಗಾಳಿಯ ಲೆಕ್ಕವನ್ನು ನಾವೂ ಕಲಿಯೋಣ



ಗಾಳಿ ಬಂದಾಗ ತೂರಿಕೋ ಎಂಬ ಗಾದೆ ನಮಗೆಲ್ಲ ಗೊತ್ತು. ಭತ್ತ ತೂರುವವರು ಮೊದಲು ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆಂದು ನೋಡುತ್ತಾರೆ. ಗೆರಸೆಯನ್ನು ಎತ್ತರಕ್ಕೆ ಹಿಡಿದು ಸುರಿದಾಗ ಗಟ್ಟಿ ಕಾಳು ಕಾಲಬುಡದಲ್ಲೇ ಬೀಳುತ್ತದೆ. ಜೊಳ್ಳು ಎರಡು ಮಾರು ಆಚೆ ಬೀಳುತ್ತದೆ. ಧೂಳು ಅಂಗಳ ದಾಟಿ ನೆರೆಮನೆಗೆ ಹೋಗುತ್ತದೆ. ಯಾವುದು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಕಾಳಿನ ತೂಕ, ಸುರಿದ ಎತ್ತರ ಮತ್ತು ಗಾಳಿಯ ವೇಗ ನಿರ್ಧರಿಸುತ್ತವೆ.

ಕಾರ್ಖಾನೆಯ ಚಿಮಿಣಿಯ ಹೊಗೆ, ಕಲ್ಲು ಪುಡಿಮಾಡುವ ಕ್ರಶರಿನ ಧೂಳು, ತೋಟಕ್ಕೆ ಸಿಂಪಡಿಸಿದ ಮದ್ದು ಇವೆಲ್ಲ ಇದೇ ನಿಯಮದಂತೆ ನಡೆಯುತ್ತವೆ. ಈ ಲೆಕ್ಕವನ್ನು ಈಗ ಕಂಪ್ಯೂಟರ್ ಮಾಡಿಕೊಡುತ್ತದೆ. ದೊಡ್ಡ ಕಾರ್ಖಾನೆ ಯಾ ಗಣಿಯೊಂದು ಬರುವ ಮೊದಲು 'ಹೊಗೆ ಮತ್ತು ಧೂಳು ಇಷ್ಟು ದೂರ ಹೋಗುತ್ತದೆ, ಊರಿಗೆ ಇಷ್ಟೇ ತೊಂದರೆ' ಎಂದು ವರದಿ ತಯಾರಾಗುತ್ತದೆ. ಆ ವರದಿಯ ಅಂಕೆಸಂಖ್ಯೆಗಳನ್ನು ಕಂಡು ನಾವು ಹಿಂಜರಿಯುತ್ತೇವೆ, 'ಇದು ಇಂಜಿನಿಯರುಗಳ ವಿಷಯ' ಎಂದು ಸುಮ್ಮನಾಗುತ್ತೇವೆ. ಆದರೆ ಲೆಕ್ಕದ ಮೂಲ ತತ್ವ ಎಸ್.ಎಸ್.ಎಲ್.ಸಿ. ಓದಿದವರಿಗೂ ಅರ್ಥವಾಗುವಂಥದ್ದು. ಅದನ್ನು ಈ ಸಂಚಿಕೆಯಲ್ಲಿ ಹಂತ ಹಂತವಾಗಿ ತಿಳಿಯೋಣ.

ಲೆಕ್ಕದ ಮೂರು ಕಾಲುಗಳು

ಒಂದು ಸ್ಥಳದ ಗಾಳಿಯಲ್ಲಿ ಹೊಗೆ ಎಷ್ಟು ದಟ್ಟವಾಗಿದೆ ಎಂಬುದು ಮುಖ್ಯವಾಗಿ ಮೂರು ವಿಷಯಗಳನ್ನು ಹೊಂದಿಕೊಂಡಿದೆ.

ಮೊದಲನೆಯದು, ಎಷ್ಟು ಹೊಗೆ ಹೊರಬರುತ್ತದೆ? ಎರಡು ಪಟ್ಟು ಸುಟ್ಟರೆ ಎರಡು ಪಟ್ಟು ದಟ್ಟ. ಎರಡನೆಯದು, ಗಾಳಿಯ ವೇಗ. ಗಾಳಿ ಎರಡು ಪಟ್ಟು ವೇಗವಾಗಿ ಬೀಸಿದರೆ ಅಷ್ಟೇ ಹೊಗೆ ಎರಡು ಪಟ್ಟು ಗಾಳಿಯಲ್ಲಿ ಬೆರೆಯುತ್ತದೆ, ಆದ್ದರಿಂದ ದಟ್ಟಣೆ ಅರ್ಧಕ್ಕೆ ಇಳಿಯುತ್ತದೆ. ಮೂರನೆಯದು, ಹೊಗೆ ಎಡಬಲಕ್ಕೆ ಹಾಗೂ ಮೇಲೆ ಕೆಳಗೆ ಎಷ್ಟು ಹರಡಿಕೊಳ್ಳುತ್ತದೆ? ಹರಡಿದಷ್ಟೂ ತೆಳುವಾಗುತ್ತದೆ. ಒಂದು ಲೋಟ ಹಾಲನ್ನು ಚೊಂಬು ನೀರಿಗೆ ಹಾಕುವುದಕ್ಕೂ ಹಂಡೆ ನೀರಿಗೆ ಹಾಕುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಮೊದಲಿನ ಎರಡನ್ನು ಅಳೆಯುವುದು ಸುಲಭ. ಮೂರನೆಯದೇ ಕಷ್ಟ, ಯಾಕೆಂದರೆ ಅದು ಹಗಲು ರಾತ್ರಿ ಬದಲಾಗುತ್ತಾ ಇರುತ್ತದೆ. ಇದಕ್ಕೊಂದು ಸರಳ ದಾರಿಯನ್ನು ತೋರಿಸಿಕೊಟ್ಟವರು ಬ್ರಿಟನಿನ ಹವಾಮಾನ ವಿಜ್ಞಾನಿ ಫ್ರಾಂಕ್ ಪಾಸ್ಕ್ವಿಲ್. 1961ರಲ್ಲಿ ಅವರು ಗಾಳಿಯ ಸ್ಥಿತಿಯನ್ನು ಎ, ಬಿ, ಸಿ, ಡಿ, ಇ, ಎಫ್ ಎಂದು ಆರು ವರ್ಗಗಳಾಗಿ ವಿಂಗಡಿಸಿದರು. ವರ್ಗವನ್ನು ಗುರುತಿಸಲು ದೊಡ್ಡ ಯಂತ್ರ ಬೇಡ. ಬಿಸಿಲು ಎಷ್ಟಿದೆ, ಮೋಡ ಎಷ್ಟಿದೆ, ಗಾಳಿಯ ವೇಗ ಎಷ್ಟು ಎಂದು ನೋಡಿದರೆ ಸಾಕು. ಹಗಲಿನ ಉರಿಬಿಸಿಲು ಮತ್ತು ಮಂದ ಗಾಳಿ ಇದ್ದರೆ ಎ ವರ್ಗ, ಅಂದರೆ ಹೊಗೆ ಬಲು ಬೇಗ ಚದರುತ್ತದೆ. ಮೋಡ ಕವಿದು ಗಾಳಿ ಜೋರಾಗಿ ಬೀಸುವಾಗ ಡಿ ವರ್ಗ, ನಡುವಿನ ಸ್ಥಿತಿ. ಮೋಡವಿಲ್ಲದ ತಣ್ಣನೆಯ ರಾತ್ರಿ, ಗಾಳಿ ಮಂದವಾಗಿರುವಾಗ ಎಫ್ ವರ್ಗ, ಹೊಗೆ ಚದರುವುದೇ ಇಲ್ಲವೆನ್ನಬಹುದು.

ಹಗಲಿನ ಗಾಳಿ, ರಾತ್ರಿಯ ಗಾಳಿ

ಇದರ ಕಾರಣ ಹೀಗಿದೆ. ಹಗಲು ಬಿಸಿಲಿಗೆ ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ಹಗುರಗೊಂಡು ಮೇಲೇರುತ್ತದೆ, ಮೇಲಿನ ತಂಪು ಗಾಳಿ ಕೆಳಗಿಳಿಯುತ್ತದೆ. ಪಾತ್ರೆಯಲ್ಲಿ ಗಂಜಿ ಕುದಿಯುವಾಗ ಅಗುಳು ಮೇಲೆ ಕೆಳಗೆ ಹೊರಳಾಡುವಂತೆ ಗಾಳಿಯೂ ಹೊರಳಾಡುತ್ತದೆ. ಅದರಲ್ಲಿ ಸೇರಿದ ಹೊಗೆ ಚೆನ್ನಾಗಿ ಕಲಸಿಹೋಗುತ್ತದೆ.

ರಾತ್ರಿ ಇದು ತಿರುಗಿಬೀಳುತ್ತದೆ. ಮೋಡವಿಲ್ಲದಾಗ ನೆಲ ಬೇಗನೆ ತಣಿಯುತ್ತದೆ, ನೆಲದ ಹತ್ತಿರದ ಗಾಳಿಯೂ ತಣಿದು ಭಾರವಾಗಿ ಕೆಳಗೇ ಕುಳಿತುಬಿಡುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ನಿಲ್ಲುತ್ತದೆ. ಸಾಧಾರಣವಾಗಿ ಮೇಲೆ ಹೋದಂತೆ ತಂಪಾಗಬೇಕು, ಇಲ್ಲಿ ಮೇಲೆ ಹೋದಂತೆ ಬೆಚ್ಚಗಾಗುತ್ತದೆ. ಇದನ್ನು ಇನ್ವರ್ಶನ್ ಎನ್ನುತ್ತಾರೆ. ಡಿಸೆಂಬರ್, ಜನವರಿ ತಿಂಗಳ ಮುಂಜಾನೆ ಕಣಿವೆಯಲ್ಲಿ ಅಡುಗೆಮನೆಯ ಹೊಗೆ ಮಾಡಿನಿಂದ ಸ್ವಲ್ಪ ಮೇಲೇರಿ ಅಲ್ಲೇ ಬಿಳಿ ಹಾಸಿನಂತೆ ಮಲಗಿರುವುದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಮುಂಜಾನೆ ಇಗರ್ಜಿಯ ಗಂಟೆಯೂ ಎಂದಿಗಿಂತ ದೂರಕ್ಕೆ ಸ್ಪಷ್ಟವಾಗಿ ಕೇಳಿಸುತ್ತದೆ. ಮೇಲಿನ ಬೆಚ್ಚಗಿನ ಪದರ ಶಬ್ದವನ್ನೂ ಕೆಳಕ್ಕೆ ಬಾಗಿಸುವುದೇ ಇದಕ್ಕೆ ಕಾರಣ. ಗಂಟೆಯ ಸದ್ದು ದೂರಕ್ಕೆ ಕೇಳಿಸಿದ ಬೆಳಿಗ್ಗೆ ಹೊಗೆಯೂ ಊರಲ್ಲೇ ನಿಂತಿದೆ ಎಂದು ತಿಳಿಯಬಹುದು.

ಈ ಮುಚ್ಚಳ ಎಷ್ಟು ಅಪಾಯಕಾರಿ ಎಂಬುದಕ್ಕೆ ಎರಡು ಉದಾಹರಣೆ ಸಾಕು. 1952ರ ಡಿಸೆಂಬರ್ 5ರಿಂದ 9ರ ವರೆಗೆ ಲಂಡನ್ ನಗರದ ಮೇಲೆ ಗಾಳಿಯಿಲ್ಲದೆ ಇನ್ವರ್ಶನ್ ನಿಂತಿತು. ಮನೆ ಮನೆಯ ಕಲ್ಲಿದ್ದಲ ಒಲೆಗಳ ಮತ್ತು ಕಾರ್ಖಾನೆಗಳ ಹೊಗೆ ಮೇಲೇರಲಾಗದೆ ಬೀದಿಯಲ್ಲೇ ಉಳಿಯಿತು. ಆಗ ಸುಮಾರು 4,000 ಮಂದಿ ಸತ್ತರೆಂದು ಲೆಕ್ಕ ಹಾಕಲಾಯಿತು. ಅನಂತರದ ಅಧ್ಯಯನಗಳು ಈ ಸಂಖ್ಯೆ 12,000ದಷ್ಟಿರಬಹುದು ಎಂದಿವೆ. ನಮ್ಮ ದೇಶದ ಭೋಪಾಲದಲ್ಲಿ 1984ರ ಡಿಸೆಂಬರ್ 2ರ ನಡುರಾತ್ರಿ ಮೀಥೈಲ್ ಐಸೊಸಯನೇಟ್ ಅನಿಲ ಸೋರಿತು. ಅದು ಗಾಳಿಗಿಂತ ಭಾರವಾದ ಅನಿಲ. ಚಳಿಯ ರಾತ್ರಿ, ಮಂದ ಗಾಳಿ. ಅನಿಲ ಮೇಲೇರಿ ಚದರುವ ಬದಲು ನೆಲಕ್ಕೆ ಅಂಟಿಕೊಂಡೇ ಮಲಗಿದ್ದವರ ಮನೆಗಳಿಗೆ ಹರಿಯಿತು. ಅದೇ ಸೋರಿಕೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ಆಗಿದ್ದರೆ ಅಷ್ಟು ದಟ್ಟವಾಗಿ ಅಷ್ಟು ದೂರ ಹರಿಯುತ್ತಿರಲಿಲ್ಲ.

ಪೆನ್ಸಿಲ್ ಹಿಡಿದು ಒಂದು ಲೆಕ್ಕ

ಹಗಲಿಗೂ ರಾತ್ರಿಗೂ ಎಷ್ಟು ವ್ಯತ್ಯಾಸ ಎಂಬುದನ್ನು ನಾವೇ ಲೆಕ್ಕ ಹಾಕಿ ನೋಡೋಣ. ಕಂಪ್ಯೂಟರ್ ಬರುವ ಮೊದಲು ಇಂಜಿನಿಯರುಗಳೂ ಹೀಗೇ ಮಾಡುತ್ತಿದ್ದರು. ಅಮೆರಿಕದ ಬ್ರೂಸ್ ಟರ್ನರ್ ಎಂಬವರು 1967ರಲ್ಲಿ ಹೊರತಂದ ಕೈಪಿಡಿಯ ಕೋಷ್ಟಕ ಮತ್ತು ನಕ್ಷೆಗಳನ್ನು ನೋಡಿ ಕಾಗದದ ಮೇಲೆ ಬರೆದು ಉತ್ತರ ತೆಗೆಯುತ್ತಿದ್ದರು.

ನೆಲದ ಮೇಲೆ ಕಸದ ರಾಶಿಯೊಂದು ಉರಿಯುತ್ತಿದೆ ಎಂದಿಟ್ಟುಕೊಳ್ಳಿ. ಅಲ್ಲಿಂದ ಗಾಳಿ ಬೀಸುವ ದಿಕ್ಕಿನಲ್ಲಿ ಒಂದು ಕಿಲೋಮೀಟರ್ ದೂರದಲ್ಲಿ ಶಾಲೆಯಿದೆ. ಬಿಸಿಲಿನ ಹಗಲು (ಬಿ ವರ್ಗ) ಅಷ್ಟು ದೂರ ಹೋಗುವಾಗ ಹೊಗೆಯ ಹರಡುವಿಕೆಯ ಅಳತೆ ಅಡ್ಡಕ್ಕೆ ಸುಮಾರು 156 ಮೀಟರ್, ಎತ್ತರಕ್ಕೆ ಸುಮಾರು 110 ಮೀಟರ್. ಎರಡನ್ನೂ ಗುಣಿಸಿದರೆ 17,160. ಸ್ವಚ್ಛ ಆಕಾಶದ ರಾತ್ರಿ (ಎಫ್ ವರ್ಗ) ಅದೇ ದೂರದಲ್ಲಿ ಅಡ್ಡಕ್ಕೆ ಸುಮಾರು 34 ಮೀಟರ್, ಎತ್ತರಕ್ಕೆ ಸುಮಾರು 14 ಮೀಟರ್ ಮಾತ್ರ. ಗುಣಿಸಿದರೆ 476. ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ 36. ಹಗಲು ಗಾಳಿಯ ವೇಗ ಸೆಕೆಂಡಿಗೆ 3 ಮೀಟರ್, ರಾತ್ರಿ 2 ಮೀಟರ್ ಎಂದು ಹಿಡಿದರೆ ಇನ್ನೂ ಒಂದೂವರೆ ಪಟ್ಟು ಸೇರುತ್ತದೆ. 36ನ್ನು ಒಂದೂವರೆಯಿಂದ ಗುಣಿಸಿದರೆ 54.

ಅಂದರೆ ಅದೇ ಕಸ, ಅದೇ ಬೆಂಕಿ, ಅದೇ ದೂರ. ಆದರೆ ರಾತ್ರಿ ಸುಟ್ಟರೆ ಹೊಗೆ 54 ಪಟ್ಟು ದಟ್ಟ! 'ರಾತ್ರಿ ಯಾರಿಗೂ ಕಾಣುವುದಿಲ್ಲ, ಗಾಳಿಯೂ ಇಲ್ಲ, ಬೆಂಕಿ ಹಬ್ಬುವ ಭಯವಿಲ್ಲ' ಎಂದು ಕತ್ತಲಾದ ಮೇಲೆ ಕಸಕ್ಕೆ ಬೆಂಕಿ ಕೊಡುವವರು ಈ ಒಂದು ಅಂಕೆಯನ್ನು ನೆನಪಿಟ್ಟುಕೊಳ್ಳಬೇಕು.

ಎತ್ತರದ ಚಿಮಿಣಿಯ ಕಥೆ ಬೇರೆ

ನೆಲದ ಬೆಂಕಿಗೆ ರಾತ್ರಿಯೇ ಕೆಟ್ಟದ್ದು. ಎತ್ತರದ ಚಿಮಿಣಿಗೆ ಹಾಗಲ್ಲ. ರಾತ್ರಿ ಚಿಮಿಣಿಯ ಹೊಗೆ ಮೇಲೆಯೇ ಪಟ್ಟಿಯಂತೆ ಸಾಗುತ್ತದೆ, ಬುಡದಲ್ಲಿರುವವರಿಗೆ ತಾಗುವುದಿಲ್ಲ. ಬಿಸಿಲಿನ ಹಗಲು ಗಾಳಿ ಹೊರಳುವುದರಿಂದ ಹೊಗೆ ಹತ್ತಿರದಲ್ಲೇ ನೆಲಕ್ಕೆ ಬಡಿಯಬಹುದು. ಇನ್ನೊಂದು ಹೊತ್ತು ಸೂರ್ಯ ಮೇಲೇರುವಾಗಿನದು. ರಾತ್ರಿಯಿಡೀ ಮೇಲೆ ಸೇರಿಕೊಂಡ ಹೊಗೆ, ನೆಲ ಕಾದು ಗಾಳಿ ಹೊರಳಲು ಆರಂಭವಾದಾಗ ಒಮ್ಮೆಲೇ ಕೆಳಗಿಳಿಯುತ್ತದೆ. ಮಕ್ಕಳು ಶಾಲೆಗೆ ನಡೆದುಹೋಗುವ ಹೊತ್ತಿಗೇ ಇದು ಆಗುವುದುಂಟು.

ಗುಡ್ಡಗಾಡಿನಲ್ಲಿ ಇನ್ನೊಂದು ತೊಡಕಿದೆ. ಕಣಿವೆಯಲ್ಲಿ 30 ಮೀಟರ್ ಎತ್ತರದ ಚಿಮಿಣಿ ನಿಲ್ಲಿಸಿ, ಪಕ್ಕದ ಗುಡ್ಡದ ಮೇಲೆ 60 ಮೀಟರ್ ಎತ್ತರದಲ್ಲಿ ಮನೆಗಳಿದ್ದರೆ ಆ ಮನೆಯವರಿಗೆ ಅದು ಎತ್ತರದ ಚಿಮಿಣಿಯಲ್ಲ. ಮೇಲೇರಿದ ಹೊಗೆ ನೇರವಾಗಿ ಅವರ ಅಂಗಳಕ್ಕೇ ಬರುತ್ತದೆ. ಕಡಲ ಕರೆಯಲ್ಲಿ ಹಗಲು ಗಾಳಿ ಕಡಲಿನಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ ಬೀಸುತ್ತದೆ. ಆದ್ದರಿಂದ ಹಗಲು ಹೊಗೆಯೆಲ್ಲ ಒಳನಾಡಿನ ತೋಟಗಳ ಕಡೆಗೆ ಹೊರಡುತ್ತದೆ.

ಚಿಮಿಣಿ ಎಷ್ಟು ಎತ್ತರವಿರಬೇಕೆಂಬುದಕ್ಕೆ ನಮ್ಮ ದೇಶದಲ್ಲಿ ಒಂದು ಸೂತ್ರವಿದೆ. ಗಂಟೆಗೆ ಎಷ್ಟು ಕಿಲೋ ಗಂಧಕದ ಡೈಆಕ್ಸೈಡ್ ಹೊರಬರುತ್ತದೆಯೋ ಆ ಸಂಖ್ಯೆಯ 0.3ನೇ ಘಾತವನ್ನು 14ರಿಂದ ಗುಣಿಸಬೇಕು. ಗಂಟೆಗೆ 100 ಕಿಲೋ ಆದರೆ ಸುಮಾರು 56 ಮೀಟರ್. 200 ಕಿಲೋ ಆದರೆ ಸುಮಾರು 69 ಮೀಟರ್. ಲೆಕ್ಕದಲ್ಲಿ ಎಷ್ಟೇ ಕಡಿಮೆ ಬಂದರೂ 30 ಮೀಟರಿಗಿಂತ ಗಿಡ್ಡವಾಗಬಾರದು. ಸುಡುವುದು ಇಮ್ಮಡಿಯಾದಾಗ ಚಿಮಿಣಿ ಕಾಲು ಭಾಗದಷ್ಟೂ ಎತ್ತರವಾಗುವುದಿಲ್ಲ ಎಂಬುದನ್ನು ಗಮನಿಸಿ. ಚಿಮಿಣಿಯ ಎತ್ತರ ಹೊಗೆಯನ್ನು ಕಡಿಮೆ ಮಾಡುವುದಿಲ್ಲ, ಹಂಚುತ್ತದೆ ಅಷ್ಟೇ.

ಮದ್ದಿನ ಹನಿ ಎಷ್ಟು ದೂರ ಹಾರುತ್ತದೆ?

ಸಿಂಪಡಣೆಯ ಹನಿಗೂ ಇದೇ ಲೆಕ್ಕ. ಹನಿಯ ಗಾತ್ರವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಮೂರು ಮೀಟರ್ ಎತ್ತರದಿಂದ ಬಿಟ್ಟ 400 ಮೈಕ್ರಾನಿನ ಹನಿ ಎರಡು ಸೆಕೆಂಡಿನಲ್ಲಿ ನೆಲ ಸೇರುತ್ತದೆ. 100 ಮೈಕ್ರಾನಿನ ಹನಿಗೆ 10 ಸೆಕೆಂಡ್ ಬೇಕು. 20 ಮೈಕ್ರಾನಿನ ಹನಿಗೆ ನಾಲ್ಕು ನಿಮಿಷಕ್ಕೂ ಹೆಚ್ಚು. 5 ಮೈಕ್ರಾನಿನ ಹನಿಗೆ ಒಂದು ಗಂಟೆಗೂ ಹೆಚ್ಚು.

ಗಂಟೆಗೆ ಐದು ಕಿಲೋಮೀಟರಿನ ಮಂದ ಗಾಳಿಯಿದ್ದರೆ ಅಷ್ಟರೊಳಗೆ 400 ಮೈಕ್ರಾನಿನ ಹನಿ ಎರಡೂವರೆ ಮೀಟರ್ ಸರಿಯುತ್ತದೆ. 100 ಮೈಕ್ರಾನಿನದು 13 ಮೀಟರ್, 20 ಮೈಕ್ರಾನಿನದು 300 ಮೀಟರಿಗೂ ಹೆಚ್ಚು, 5 ಮೈಕ್ರಾನಿನದು ಸುಮಾರು ಐದು ಕಿಲೋಮೀಟರ್! ಎತ್ತರ ಹತ್ತು ಪಟ್ಟಾದರೆ ದೂರವೂ ಹತ್ತು ಪಟ್ಟು. 30 ಮೀಟರ್ ಮೇಲಿನಿಂದ ಬಿಟ್ಟ 100 ಮೈಕ್ರಾನಿನ ಹನಿ 130 ಮೀಟರ್ ಹೋಗಿ ಬೀಳುತ್ತದೆ. ದಾರಿಯಲ್ಲಿ ಹನಿಯ ನೀರು ಆರಿ ಅದು ಇನ್ನೂ ಚಿಕ್ಕದಾಗುವುದರಿಂದ ನಿಜವಾದ ದೂರ ಇದಕ್ಕಿಂತಲೂ ಹೆಚ್ಚಾಗಬಹುದು.

ಈ ಅಂಕೆಗಳನ್ನು ಓದುವಾಗ ನಮ್ಮ ಕಾಸರಗೋಡಿನ ಗೇರು ತೋಟಗಳ ನೆನಪಾಗದೆ ಇರದು. 1970ರ ದಶಕದ ಕೊನೆಯಿಂದ 2000ದ ವರೆಗೆ ಸರಕಾರಿ ನಿಗಮವೊಂದರ ಗೇರು ತೋಟಗಳಿಗೆ ಟೀ ಸೊಳ್ಳೆಯ ಕಾಟ ತಡೆಯಲು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳಿರುವುದು ಗುಡ್ಡಗಳ ಮೇಲೆ. ಮನೆ, ಬಾವಿ, ಸುರಂಗ, ತೋಡುಗಳಿರುವುದು ಕೆಳಗಿನ ಕಣಿವೆಗಳಲ್ಲಿ. ಗುಡ್ಡದ ನೆತ್ತಿಯಲ್ಲಿ ಮರಗಳಿಗೆ ಹತ್ತಿರವಾಗಿ ಹಾರುವ ಹೆಲಿಕಾಪ್ಟರ್ ಕಣಿವೆಯ ಅಂಚು ದಾಟುವಾಗ ನೆಲದಿಂದ ಬಹಳ ಎತ್ತರದಲ್ಲಿರುತ್ತದೆ. ಎತ್ತರ ಹೆಚ್ಚಿದರೆ ಹನಿ ಎಷ್ಟು ದೂರ ಹೋಗುತ್ತದೆಂಬುದನ್ನು ಈಗಷ್ಟೇ ನೋಡಿದೆವು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಮೊದಲಾದ ಪಂಚಾಯತುಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರದಿಂದ ನರಳುವ ಮಕ್ಕಳ ಮನೆಗಳನ್ನು ನಾವು ಬಲ್ಲೆವು. ಸುಪ್ರೀಂ ಕೋರ್ಟು 2011ರ ಮೇ 13ರಂದು ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಯಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೂ ಅದು ಸೇರಿತು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಅದೇ ಕೋರ್ಟು ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು.

ವಿಮಾನದಿಂದ ಸಿಂಪಡಿಸಿದ ಹನಿ ಎಷ್ಟು ದೂರ ಹೋಗುತ್ತದೆಂದು ಲೆಕ್ಕ ಹಾಕುವ ಆಗ್‌ಡಿಸ್ಪ್ ಎಂಬ ಕಾರ್ಯಕ್ರಮವನ್ನು ಅಮೆರಿಕದ ಅರಣ್ಯ ಸೇವಾ ಇಲಾಖೆ 1980ರ ದಶಕದಲ್ಲೇ ಬೆಳೆಸಿತ್ತು. 1990ರ ದಶಕದಲ್ಲಿ ಅದರ ಆಧಾರದ ಮೇಲೆ ಆಗ್‌ಡ್ರಿಫ್ಟ್ ಬಂತು. ಅಂದರೆ ನಮ್ಮ ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಹಾರುತ್ತಿದ್ದ ವರ್ಷಗಳಲ್ಲಿ ಲೆಕ್ಕ ಹಾಕುವ ವಿದ್ಯೆ ಲೋಕದಲ್ಲಿತ್ತು. ಅದನ್ನು ಕೇಳುವವರು ಬೇಕಿತ್ತು. ಈ ವಿದ್ಯೆ ನಮ್ಮ ನಡುವೆಯೂ ಇರಬೇಕು ಎನ್ನುವುದು ಇದೇ ಕಾರಣಕ್ಕೆ.

ಕಂಪ್ಯೂಟರ್ ಏನು ಮಾಡುತ್ತದೆ?

ಈಗ ಹೆಚ್ಚು ಬಳಕೆಯಲ್ಲಿರುವ ಕಾರ್ಯಕ್ರಮ ಏರ್ಮಾಡ್. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2005ರಲ್ಲಿ ಹಳೆಯ ಐ.ಎಸ್.ಸಿ. ಕಾರ್ಯಕ್ರಮದ ಬದಲಿಗೆ ಇದನ್ನು ಒಪ್ಪಿಕೊಂಡಿತು. ಸುಮಾರು 50 ಕಿಲೋಮೀಟರ್ ದೂರದ ವರೆಗೆ ಇದನ್ನು ಉಪಯೋಗಿಸಬಹುದು. ಇದನ್ನು ಕೈಪಿಡಿಯೊಂದಿಗೆ ಉಚಿತವಾಗಿ ಪಡೆಯಬಹುದು. ಹೈಸ್ಪ್ಲಿಟ್ ಎಂಬ ಇನ್ನೊಂದು ಕಾರ್ಯಕ್ರಮವನ್ನು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನಡೆಸುತ್ತದೆ. ಕಾಡ್ಗಿಚ್ಚಿನ ಹೊಗೆ, ಜ್ವಾಲಾಮುಖಿಯ ಬೂದಿ ನೂರಾರು ಕಿಲೋಮೀಟರ್ ಹೋಗುವ ದಾರಿಯನ್ನು ಅದು ತೋರಿಸುತ್ತದೆ.

ಏರ್ಮಾಡಿಗೆ ಮಾಹಿತಿ ಕೊಡುವುದು ಬ್ಯಾಂಕಿನ ಸಾಲದ ಅರ್ಜಿ ತುಂಬಿದಂತೆ. ಅರ್ಜಿಯಲ್ಲಿ ಐದು ಭಾಗಗಳಿವೆ. ಯಾವ ಮಾಲಿನ್ಯ, ಎಷ್ಟು ಹೊತ್ತಿನ ಸರಾಸರಿ ಎಂಬುದು ಮೊದಲ ಭಾಗ. ಚಿಮಿಣಿ ಎಲ್ಲಿದೆ, ಎಷ್ಟು ಎತ್ತರ, ಹೊಗೆ ಎಷ್ಟು ಬಿಸಿ, ಎಷ್ಟು ವೇಗ, ಎಷ್ಟು ಪ್ರಮಾಣ ಎಂಬುದು ಎರಡನೆಯದು. ಯಾವ ಯಾವ ಜಾಗಗಳಲ್ಲಿ ಲೆಕ್ಕ ಬೇಕು ಎಂಬುದು ಮೂರನೆಯದು. ಗಂಟೆ ಗಂಟೆಯ ಗಾಳಿ, ಉಷ್ಣತೆಯ ಮಾಹಿತಿ ನಾಲ್ಕನೆಯದು. ಉತ್ತರ ಹೇಗೆ ಬೇಕು ಎಂಬುದು ಐದನೆಯದು. ಗುಡ್ಡ ಕಣಿವೆಗಳ ಎತ್ತರವನ್ನು ಸಿದ್ಧಪಡಿಸಲು ಏರ್ಮ್ಯಾಪ್, ಹವಾಮಾನವನ್ನು ಸಿದ್ಧಪಡಿಸಲು ಏರ್ಮೆಟ್ ಎಂಬ ಎರಡು ಸಹಾಯಕ ಕಾರ್ಯಕ್ರಮಗಳೂ ಇವೆ.

ಬಿತ್ತಿದಂತೆ ಬೆಳೆ. ಕಂಪ್ಯೂಟರಿಗೆ ಕೊಟ್ಟ ಮಾಹಿತಿ ಸರಿಯಿದ್ದರೆ ಉತ್ತರ ಸರಿ, ಇಲ್ಲವಾದರೆ ಬಣ್ಣ ಬಣ್ಣದ ನಕ್ಷೆ ಬಂದರೂ ಅದು ಜೊಳ್ಳು. ಇನ್ನೊಂದು ಮಾತನ್ನು ಮುಖ್ಯವಾಗಿ ತಿಳಿಯಬೇಕು. ಗಾಳಿಯೇ ಇಲ್ಲದ ಗಂಟೆಗಳನ್ನು ಏರ್ಮಾಡ್ ಲೆಕ್ಕ ಹಾಕುವುದಿಲ್ಲ, ಬಿಟ್ಟು ಮುಂದಕ್ಕೆ ಹೋಗುತ್ತದೆ. ಹೊಗೆ ಊರಲ್ಲೇ ನಿಲ್ಲುವ ಗಂಟೆಗಳೂ ಅವೇ.

ಇದನ್ನು ಕಲಿಯಲು ದೊಡ್ಡ ಪದವಿ ಬೇಕಿಲ್ಲ. ವಿಜ್ಞಾನ ಯಾ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಮಕ್ಕಳು ಕಂಪ್ಯೂಟರಿನ ಮುಂದೆ ತಾಳ್ಮೆಯಿಂದ ಕುಳಿತರೆ ಕೈಪಿಡಿಯ ಮಾದರಿ ಲೆಕ್ಕಗಳನ್ನು ಮಾಡುತ್ತಾ ಕಲಿಯಬಹುದು. ಆದರೆ ಗುಂಡಿ ಒತ್ತುವುದನ್ನು ಕಲಿತರೆ ಸಾಲದು. ಮೇಲೆ ಮಾಡಿದಂಥ ಪೆನ್ಸಿಲ್ ಲೆಕ್ಕ ಮೊದಲು ಬರಬೇಕು. ಆಗ ಮಾತ್ರ ಕಂಪ್ಯೂಟರಿನ ಉತ್ತರ ಹೊಂದುತ್ತದೆಯೇ ಇಲ್ಲವೇ ಎಂದು ತಿಳಿಯುತ್ತದೆ.

ಸಾರ್ವಜನಿಕ ವಿಚಾರಣೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

2006ರ ಸೆಪ್ಟೆಂಬರ್ 14ರ ಕೇಂದ್ರ ಸರಕಾರದ ಅಧಿಸೂಚನೆಯಂತೆ ಅದರ ಪಟ್ಟಿಯಲ್ಲಿರುವ ಬಹುತೇಕ ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ವರದಿ ಮತ್ತು ಸಾರ್ವಜನಿಕ ವಿಚಾರಣೆ ಬೇಕು. ವಿಚಾರಣೆಯನ್ನು ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಕರಡು ವರದಿ ಜಿಲ್ಲಾಧಿಕಾರಿಗಳ ಕಚೇರಿ ಮೊದಲಾದ ಕಡೆ ಓದಲು ಸಿಗಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಗಡಿನಾಡಿನ ಕನ್ನಡಿಗರಾದ ನಾವು ಅದನ್ನು ಕನ್ನಡದಲ್ಲಿಯೂ ಕೊಡಿರೆಂದು ಮೊದಲೇ ಬರೆದು ಕೇಳಬೇಕು.

ವರದಿ ಕೈಗೆ ಬಂದಾಗ ಈ ಆರು ಪ್ರಶ್ನೆಗಳನ್ನು ಕೇಳಿ:

1. ಗಾಳಿಯ ಮಾಹಿತಿ ಎಲ್ಲಿಯದು, ಎಷ್ಟು ಕಾಲದ್ದು? ನಮ್ಮಲ್ಲಿ ಮಳೆಗಾಲ ಬಿಟ್ಟು ಒಂದೇ ಋತುವಿನ, ಅಂದರೆ ಸುಮಾರು ಮೂರು ತಿಂಗಳ ಮಾಹಿತಿಯಿಂದ ವರದಿ ತಯಾರಿಸುವುದು ವಾಡಿಕೆ. ಅಮೆರಿಕದಲ್ಲಿ ಹವಾಮಾನ ಕೇಂದ್ರದ ಐದು ವರ್ಷದ ಯಾ ಸ್ಥಳದಲ್ಲೇ ಅಳೆದ ಕನಿಷ್ಠ ಒಂದು ವರ್ಷದ ಮಾಹಿತಿ ಕೇಳುತ್ತಾರೆ. ಮಾರ್ಚಿನಿಂದ ಮೇ ತನಕ ಮಾತ್ರ ಅಳೆದರೆ ಡಿಸೆಂಬರಿನ ಮುಂಜಾನೆಯ ಕಥೆ ಅದರಲ್ಲಿ ಇರುವುದಿಲ್ಲ.

2. ಗಾಳಿಯಿಲ್ಲದ ಗಂಟೆಗಳು ಶೇಕಡಾ ಎಷ್ಟು? ಅವುಗಳನ್ನು ಏನು ಮಾಡಿದ್ದಾರೆ?

3. ಗುಡ್ಡದ ಎತ್ತರವನ್ನು ಸೇರಿಸಿದ್ದಾರೆಯೇ, ಇಲ್ಲವೇ 'ಸಮತಟ್ಟು ನೆಲ' ಎಂದು ಕೊಟ್ಟಿದ್ದಾರೆಯೇ? ಏರ್ಮಾಡಿನಲ್ಲಿ ಎರಡಕ್ಕೂ ಅವಕಾಶವಿದೆ. ನಮ್ಮಂಥ ಊರಿಗೆ ಸಮತಟ್ಟು ಎಂದು ಬರೆದರೆ ಲೆಕ್ಕ ಕೆಟ್ಟಿತು.

4. ನಮ್ಮ ಶಾಲೆ, ಆಸ್ಪತ್ರೆ, ಅಂಗನವಾಡಿ, ಕುಡಿಯುವ ನೀರಿನ ಕೆರೆ ಲೆಕ್ಕ ಹಾಕಿದ ಜಾಗಗಳ ಪಟ್ಟಿಯಲ್ಲಿವೆಯೇ?

5. ಈಗಾಗಲೇ ಇರುವ ಮಾಲಿನ್ಯಕ್ಕೆ ಹೊಸದನ್ನು ಕೂಡಿಸಿದ್ದಾರೆಯೇ? 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ 10 ಮೈಕ್ರಾನ್ ಯಾ ಅದಕ್ಕಿಂತ ಚಿಕ್ಕ ಧೂಳು 24 ಗಂಟೆಯ ಸರಾಸರಿಯಲ್ಲಿ 100 ಮೈಕ್ರೋಗ್ರಾಂ ಮೀರಬಾರದು. ಶ್ವಾಸಕೋಶದ ಆಳಕ್ಕೆ ಇಳಿಯುವ 2.5 ಮೈಕ್ರಾನಿನ ಧೂಳು 60 ಮೀರಬಾರದು. ಗಂಧಕದ ಡೈಆಕ್ಸೈಡ್ 80 ಮೀರಬಾರದು. 'ನಮ್ಮ ಕಾರ್ಖಾನೆಯಿಂದ ಬರುವುದು 30 ಮಾತ್ರ' ಎಂದು ಅವರು ಹೇಳಬಹುದು. ಊರಲ್ಲಿ ಈಗಲೇ 80 ಇದ್ದರೆ ಒಟ್ಟು 110 ಆಯಿತಲ್ಲ!

6. ಲಾರಿಗಳ ಓಡಾಟದ ಧೂಳು, ಡೀಸೆಲ್ ಜನರೇಟರಿನ ಹೊಗೆ ಲೆಕ್ಕದಲ್ಲಿ ಸೇರಿದೆಯೇ, ಇಲ್ಲವೇ ಚಿಮಿಣಿಯದ್ದು ಮಾತ್ರವೇ?

ವರದಿಯಲ್ಲಿ ಗಾಳಿಯ ದಿಕ್ಕನ್ನು ತೋರಿಸುವ ಹೂವಿನಂಥ ಚಿತ್ರವೊಂದು ಇರುತ್ತದೆ. ಅದರ ಉದ್ದದ ಎಸಳು ಗಾಳಿ ಬರುವ ದಿಕ್ಕನ್ನು ತೋರಿಸುತ್ತದೆ, ಹೋಗುವ ದಿಕ್ಕನ್ನಲ್ಲ. ಪಶ್ಚಿಮಕ್ಕೆ ಉದ್ದ ಎಸಳಿದ್ದರೆ ಹೊಗೆ ಹೋಗುವುದು ಪೂರ್ವಕ್ಕೆ. ಇದನ್ನು ತಿರುಗಾಮುರುಗಾ ಓದದಂತೆ ಜಾಗ್ರತೆ ವಹಿಸಿ.

ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೊಟ್ಟು, ಸ್ವೀಕರಿಸಿದ್ದಕ್ಕೆ ಸಹಿ ಪಡೆಯಬೇಕು. ಕೂಗಾಡಿದ್ದು ಗಾಳಿಯಲ್ಲಿ ಹೋಗುತ್ತದೆ, ಬರೆದದ್ದು ಕಡತದಲ್ಲಿ ಉಳಿಯುತ್ತದೆ.

ಊರಿನದೇ ಗಾಳಿ ಪುಸ್ತಕ

ಯುವಕ ಯುವತಿಯರು ಮಾಡಬಹುದಾದ ಒಂದು ಕೆಲಸವಿದೆ. ಮರಗಳ ಮರೆಯಿಲ್ಲದ ಮೈದಾನದಲ್ಲಿ ಉದ್ದನೆಯ ಬಿದಿರು ನೆಟ್ಟು ತುದಿಗೆ ಹಗುರ ಬಟ್ಟೆಯ ಪಟ್ಟಿ ಕಟ್ಟಿ. ದಿನಕ್ಕೆ ನಾಲ್ಕು ಸಲ, ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6 ಮತ್ತು ರಾತ್ರಿ 9ಕ್ಕೆ, ಗಾಳಿ ಯಾವ ದಿಕ್ಕಿನಿಂದ ಬರುತ್ತದೆಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ವೇಗವನ್ನು ಕಣ್ಣಳತೆಯಿಂದ ತಿಳಿಯಬಹುದು. ಹೊಗೆ ನೇರ ಮೇಲೇರಿದರೆ ಗಾಳಿಯಿಲ್ಲ. ಹೊಗೆ ವಾಲಿದರೆ ಗಂಟೆಗೆ 1ರಿಂದ 5 ಕಿಲೋಮೀಟರ್. ಎಲೆ ಸರಸರ ಎಂದರೆ 6ರಿಂದ 11. ಸಣ್ಣ ಕಡ್ಡಿಗಳೂ ಬಿಡದೆ ಅಲುಗಾಡಿದರೆ 12ರಿಂದ 19. ಧೂಳು, ಕಾಗದ ಹಾರಿದರೆ 20ರಿಂದ 28. ಒಂದು ವರ್ಷ ತಪ್ಪದೆ ಬರೆದರೆ ನಮ್ಮ ಊರಿನ ಗಾಳಿಯ ದಾಖಲೆ ನಮ್ಮ ಕೈಯಲ್ಲಿರುತ್ತದೆ. ವರದಿಯವರ ಮೂರು ತಿಂಗಳ ಅಳತೆಗೆ ಎದುರಾಗಿ ಅದನ್ನು ಮುಂದಿಡಬಹುದು.

ಮನೆಯಲ್ಲಿ, ತೋಟದಲ್ಲಿ

ಬೇರೆಯವರನ್ನು ಪ್ರಶ್ನಿಸುವ ನಾವು ನಮ್ಮ ಹೊಗೆಯನ್ನೂ ನೋಡಿಕೊಳ್ಳಬೇಕಲ್ಲವೇ?

ಪ್ಲಾಸ್ಟಿಕ್, ರಬ್ಬರ್, ಹಳೆಯ ಚಪ್ಪಲಿಗಳನ್ನು ಹಗಲಾಗಲಿ ರಾತ್ರಿಯಾಗಲಿ ಸುಡಬೇಡಿ. ಅದರ ಹೊಗೆಯಲ್ಲಿ ಡೈಆಕ್ಸಿನ್ ಎಂಬ ಕಡು ವಿಷ ಇರುತ್ತದೆ. ಬಯಲಿನಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿದೆ. ತರಗೆಲೆ, ಅಡಿಕೆ ಹಾಳೆ, ತೆಂಗಿನ ಗರಿ ಗೊಬ್ಬರವಾಗಲಿ ಯಾ ಬುಡಕ್ಕೆ ಮುಚ್ಚಿಗೆಯಾಗಲಿ.

ಅಡುಗೆಮನೆಯ ಹೊಗೆಕೊಳವೆ ಮಾಡಿನ ನೆತ್ತಿಗಿಂತ ಮೇಲೆ ಇರಲಿ. ಗಿಡ್ಡವಾದರೆ ಮಾಡಿನ ಹಿಂದೆ ಸುಳಿಯುವ ಗಾಳಿ ಹೊಗೆಯನ್ನು ಮತ್ತೆ ಕಿಟಕಿಯಿಂದ ಒಳಕ್ಕೆ ತರುತ್ತದೆ.

ಮದ್ದು ಬಿಡುವಾಗ ಗಾಳಿ ಜೋರಾಗಿರಬಾರದು ಎಂದು ಎಲ್ಲರಿಗೂ ಗೊತ್ತು. ಗಾಳಿ ಪೂರ್ತಿ ನಿಂತಿರಲೂಬಾರದು ಎಂಬುದು ಹಲವರಿಗೆ ಗೊತ್ತಿಲ್ಲ. ಮಂಜು ಮುಸುಕಿ ಹೊಗೆ ಹಾಸಿಕೊಂಡಿರುವ ಮುಂಜಾನೆ ಸಣ್ಣ ಹನಿಗಳು ನೆಲಕ್ಕೂ ಬೀಳದೆ, ಮೇಲಕ್ಕೂ ಏರದೆ ಮೋಡದಂತೆ ತೇಲಿ ಕಣಿವೆಯ ಮನೆಗಳಿಗೆ ಇಳಿಯುತ್ತವೆ. ಬಿಸಿಲು ಬಂದು ಮಂಜು ಕರಗಿ, ಎಲೆ ಸಣ್ಣಗೆ ಅಲುಗಾಡಲು ಆರಂಭವಾದ ಮೇಲೆ ಸಿಂಪಡಿಸುವುದು ಒಳ್ಳೆಯದು. ಗಾಳಿ ಬೀಸುವ ಕಡೆ ಮನೆ, ಬಾವಿ, ಜೇನುಪೆಟ್ಟಿಗೆ ಇದ್ದರೆ ಆ ದಿನ ಬಿಟ್ಟುಬಿಡಿ. ನಳಿಕೆಯನ್ನು ಗಿಡಕ್ಕೆ ಹತ್ತಿರ ಹಿಡಿಯಿರಿ. ಅನಾವಶ್ಯಕವಾಗಿ ಒತ್ತಡ ಹೆಚ್ಚಿಸಿದರೆ ಹನಿ ಸಣ್ಣದಾಗಿ ದೂರ ಹಾರುತ್ತದೆ. ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಎತ್ತರದಲ್ಲೇ ಬಿಡಬೇಕಾಗುವುದರಿಂದ ಅಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಬಾವಿಗೆ ಮುಚ್ಚಳ ಹಾಕಿ, ನೆರೆಯವರಿಗೆ ಹಿಂದಿನ ದಿನವೇ ತಿಳಿಸಿ. ವಿಮಾನದಿಂದ ಸಿಂಪಡಿಸುವವರು 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕೆಂದು 1971ರ ಕೀಟನಾಶಕ ನಿಯಮ ಹೇಳುತ್ತದೆ. ಬೆನ್ನಿಗೆ ಪಂಪು ಹೊರುವ ನಾವೂ ಅದೇ ಮರ್ಯಾದೆಯನ್ನು ಪಾಲಿಸಿದರೆ ತಪ್ಪೇನು?

ಗಾಳಿಗೆ ಬೇಲಿಯಿಲ್ಲ, ರಾಜ್ಯದ ಗಡಿಯೂ ಇಲ್ಲ. ಒಬ್ಬನ ಹೊಲದಿಂದ ಹೊರಟದ್ದು ಇನ್ನೊಬ್ಬನ ಮಗುವಿನ ಉಸಿರು ಸೇರುತ್ತದೆ. ಅದು ಎಷ್ಟು ಸೇರುತ್ತದೆಂದು ಲೆಕ್ಕ ಹಾಕುವ ದಾರಿ ಈಗ ನಮಗೆ ತಿಳಿದಿದೆ. ಈ ತಿಂಗಳು ಬಿದಿರು ನೆಟ್ಟು ಪುಸ್ತಕ ಆರಂಭಿಸಿ. ಆರು ಪ್ರಶ್ನೆಗಳನ್ನು ಕತ್ತರಿಸಿ ಪಂಚಾಯತ್ ಸದಸ್ಯರ ಕೈಗೂ ಒಂದು ಪ್ರತಿ ಕೊಡಿ.